ಮನೆಮಂದಿ, ನಾಯಿ ಮತ್ತು ಗುಡ್ಡದ ದಾರಿ



ದಸರಾ ರಜೆ ಹತ್ತಿರ ಬಂದಿದೆ. ರಜೆ ಬಂತೆಂದರೆ ನಿಮ್ಮಲ್ಲಿ ಬಹಳ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಸರ್, ರಜಾದಾಗ ಏನ್ ಮಾಡೂದ್ರಿ?” ಪರೀಕ್ಷೆ ಮುಗಿದಿರುತ್ತದೆ, ಪುಸ್ತಕ ಹಿಡಿಯಲು ಮನಸ್ಸಿರುವುದಿಲ್ಲ. ಟಿವಿ, ಮೊಬೈಲು ನೋಡಿ ನೋಡಿ ಕಣ್ಣು ಉರಿಯುತ್ತವೆ. “ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು” ಎಂದು ಹಿರಿಯರು ಹೇಳಿದ್ದಾರೆ. ಕೋಶ ಓದುವ ಮಾತನ್ನು ನಾನು ವರ್ಷವಿಡೀ ಹೇಳುತ್ತೇನೆ. ಈ ಸಲದ ಗೋಡೆ ಪತ್ರಿಕೆಯಲ್ಲಿ ಸುತ್ತುವ ಮಾತು ಹೇಳುತ್ತೇನೆ. ಅದೂ ದೂರದ ದೇಶವಲ್ಲ. ನಮ್ಮ ಚಚಡಿಯಿಂದ ಹೊರಟು ಒಂದೇ ದಿನದಲ್ಲಿ ಹೋಗಿ ಬರಬಹುದಾದ ಗುಡ್ಡ, ಹೊಳೆ, ಜಲಪಾತ. ಜೊತೆಗೆ ಅವ್ವ, ಅಪ್ಪ, ಆಯಿ, ತಮ್ಮ, ತಂಗಿ. ಮತ್ತು ಮನೆಯ ನಾಯಿ.

“ನಾಯಿ ಯಾಕ್ರಿ ಸರ್?” ಎಂದು ಏಳನೆಯ ಇಯತ್ತೆಯ ಹುಡುಗನೊಬ್ಬ ಕೇಳಿದ. “ನೀ ಕರದರೂ ಬರತೈತಿ, ಕರೀದಿದ್ರೂ ಬರತೈತಿ. ಬರೋದು ಖರೇ ಅಂದ ಮ್ಯಾಲ ಅದರ ವ್ಯವಸ್ಥಾನೂ ನೋಡಬೇಕಲ್ಲೋ?” ಎಂದೆ. ಹೊಲಕ್ಕೆ ಹೊರಟರೆ ಹಿಂದೆ ನಾಯಿ, ಹೊಳೆಗೆ ಹೊರಟರೆ ಮುಂದೆ ನಾಯಿ. ಅದಕ್ಕೆ ನೀರು ಒಯ್ದವರು ಮಾತ್ರ ಕಡಿಮೆ. ಆದ್ದರಿಂದ ಈ ಪಾಠ.

1. ಇದು ನಮಗೆ ಹೊಸದಲ್ಲ

ಪೇಟೆಯವರು ಇದನ್ನು ಹೈಕಿಂಗ್, ಟ್ರೆಕ್ಕಿಂಗ್ ಎನ್ನುತ್ತಾರೆ. ಅದಕ್ಕೆ ಬೇರೆ ಬೂಟು, ಬೇರೆ ಚೀಲ, ಬೇರೆ ಕೋಲು ಮಾರುತ್ತಾರೆ. ನಮ್ಮ ಭಾಗದಲ್ಲಿ ಅದಕ್ಕೆ ಹೆಸರಿಲ್ಲ, ರೂಢಿ ಮಾತ್ರ ಇದೆ. ಶೀಗಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿ ಪಲ್ಲೆ, ಕಡಬು. ಸಂಕ್ರಾಂತಿಗೆ ಹೊಳೆಯ ಸ್ನಾನ, ದಂಡೆಯ ಮೇಲೆ ಊಟ. ಶ್ರಾವಣ ಸೋಮವಾರ ಸೊಗಲದ ಸೋಮೇಶ್ವರನ ದರ್ಶನ. ಭರತ ಹುಣ್ಣಿಮೆ ಬಂತೆಂದರೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು ಎಷ್ಟೋ ಊರುಗಳ ಜನ ಬರುತ್ತಾರೆ. ಕೂಸಿನಿಂದ ಮುದುಕರವರೆಗೆ ಎಲ್ಲರೂ ಕೂಡಿ ನಡೆಯುವುದು ನಮ್ಮ ಹಿರಿಯರಿಂದ ಬಂದದ್ದು. ಆ ನಡಿಗೆಯ ಹಿಂದೆ ಇರುವ ವಿಜ್ಞಾನ ಯಾವುದು, ಎಚ್ಚರ ಯಾವುದು ಎಂಬುದನ್ನಷ್ಟೇ ನಾನು ಇಲ್ಲಿ ಹೇಳುತ್ತೇನೆ.

2. ಗಾಡಿಯ ಕೆಳಗಿನ ನಾಯಿ

ಗಾಡಿಯ ಕೆಳಗೆ ನಡೆಯುವ ನಾಯಿಯ ಕತೆ ನಿಮಗೆಲ್ಲ ಗೊತ್ತು. ಎತ್ತು ಗಾಡಿ ಎಳೆಯುತ್ತಿದ್ದರೆ ಕೆಳಗಿನ ನಾಯಿ ‘ನಾನ ಎಳ್ಯಾಕತ್ತೀನಿ’ ಎಂದುಕೊಂಡಿತಂತೆ. ಜಂಬದವರನ್ನು ಕಂಡು ಈ ಮಾತು ಹೇಳುತ್ತೇವೆ. ಆದರೆ ನಾಯಿ ಗಾಡಿಯ ಕೆಳಗೇ ಯಾಕೆ ನಡೆಯುತ್ತದೆ? ಪಕ್ಕದಲ್ಲಿ ಬೇಕಾದಷ್ಟು ದಾರಿ ಇರುತ್ತದಲ್ಲ? ಅಲ್ಲಿ ನೆರಳು ಇದೆ, ಕಾಲ ಕೆಳಗಿನ ನೆಲ ತಂಪಾಗಿದೆ. ಅದಕ್ಕೇ ನಡೆಯುತ್ತದೆ. ಜಂಬ ನಾವು ಕಟ್ಟಿದ್ದು. ನಾಯಿಗೆ ಇರುವುದು ಬುದ್ಧಿ.

ನಮಗೆ ಸೆಕೆಯಾದಾಗ ಮೈತುಂಬ ಬೆವರು ಬರುತ್ತದೆ. ಬೆವರು ಆರುವಾಗ ಮೈಯ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಇದೇ ರೀತಿ. ಗಡಿಗೆಯ ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದರ ಬೆವರಿನ ಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿವೆ. ಅಷ್ಟು ಸಾಲದು. ಆದ್ದರಿಂದ ಅದು ಬಾಯಿ ತೆರೆದು, ನಾಲಿಗೆ ಚಾಚಿ, ಹಾಂ ಹಾಂ ಎಂದು ತೇಕುತ್ತದೆ. ನಾಲಿಗೆಯ, ಬಾಯಿಯ ಒದ್ದೆ ಆರುವಾಗ ಮೈ ತಂಪಾಗುತ್ತದೆ. ಆ ಒದ್ದೆ ಇರಬೇಕಾದರೆ ಹೊಟ್ಟೆಯಲ್ಲಿ ನೀರು ಇರಬೇಕು. ಆರೋಗ್ಯವಂತ ಮನುಷ್ಯನ ಮೈಶಾಖ ಸುಮಾರು 37 ಡಿಗ್ರಿ ಸೆಲ್ಸಿಯಸ್. ನಾಯಿಯದು ಸುಮಾರು 38ರಿಂದ 39. ಎಂದರೆ ನಮಗಿಂತ ಮೊದಲೇ ಬಿಸಿ ಇರುವ ಪ್ರಾಣಿ, ನಮಗಿಂತ ನೆಲಕ್ಕೆ ಹತ್ತಿರ ಇರುವ ಪ್ರಾಣಿ, ಮತ್ತು ನಮಗಿಂತ ಹೆಚ್ಚು ದೂರ ನಡೆಯುವ ಪ್ರಾಣಿ. ನೀವೇ ಲಕ್ಷ್ಯಕೊಟ್ಟು ನೋಡಿರಿ. ನಾವು ಒಂದು ಮೈಲು ನಡೆಯುವಷ್ಟರಲ್ಲಿ ನಾಯಿ ಮುಂದೆ ಓಡಿ, ತಿರುಗಿ ಬಂದು, ಬದುವಿನ ಮೇಲೆ ಹೋಗಿ, ಮತ್ತೆ ಬಂದು ಎಷ್ಟೋ ಹೆಚ್ಚು ನಡೆದಿರುತ್ತದೆ.

ನಾಲ್ಕೈದು ವರ್ಷದ ಕೂಸಿನ ಸಂಗತಿಯೂ ಸ್ವಲ್ಪ ಹೀಗೆಯೇ. ಅದೂ ನೆಲಕ್ಕೆ ಹತ್ತಿರ. ಕಾದ ಬಂಡೆಯಿಂದ ಏಳುವ ಝಳ ನಮ್ಮ ಮೊಣಕಾಲಿಗೆ ಬಡಿದರೆ ಕೂಸಿನ ಮುಖಕ್ಕೆ ಬಡಿಯುತ್ತದೆ. ಸಣ್ಣ ದೇಹ ಬೇಗ ಕಾಯುತ್ತದೆ. ನಾವು ಒಂದು ಹೆಜ್ಜೆ ಇಟ್ಟರೆ ಅದು ಎರಡು ಇಡಬೇಕು. ಆಟದ ಗುಂಗಿನಲ್ಲಿ ನೀರು ಬೇಕು ಎಂಬುದೇ ಅದಕ್ಕೆ ತಿಳಿಯುವುದಿಲ್ಲ.

ಒಂದು ಪ್ರಯೋಗ: ಮಧ್ಯಾಹ್ನ 12 ಗಂಟೆಗೆ ಶಾಲೆಯ ಅಂಗಳದಲ್ಲಿ ಬಿಸಿಲಿನ ಕಲ್ಲಿನ ಮೇಲೆ ಅಂಗೈಯ ಹಿಂಭಾಗ ಇಟ್ಟು ನಿಧಾನವಾಗಿ ಏಳರವರೆಗೆ ಎಣಿಸಿರಿ. ನಂತರ ಗಿಡದ ನೆರಳಿನ ಕಲ್ಲಿನ ಮೇಲೆ ಹಾಗೆಯೇ ಮಾಡಿರಿ. ಬಿಸಿಲಿನ ಕಲ್ಲಿನ ಮೇಲೆ ಏಳು ಎಣಿಸುವವರೆಗೆ ಕೈ ತಾಳದಿದ್ದರೆ ನಾಯಿಯ ಅಂಗಾಲೂ ತಾಳುವುದಿಲ್ಲ, ಬೊಬ್ಬೆ ಬರುತ್ತದೆ. ಡಾಂಬರು ರಸ್ತೆಗೂ ಇದೇ ಪರೀಕ್ಷೆ.

3. ನಡಿಗೆಯ ವೇಗ ಯಾರು ಗೊತ್ತು ಮಾಡಬೇಕು?

ಈ ಪಾಠದಲ್ಲಿ ನೀವು ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿರಿ. ಮನೆಮಂದಿಯ ನಡಿಗೆಯಲ್ಲಿ ವೇಗವನ್ನು ಗೊತ್ತು ಮಾಡಬೇಕಾದವರು ಎಲ್ಲರಿಗಿಂತ ಗಟ್ಟಿಯಾಗಿ ನಡೆಯುವವರಲ್ಲ. ‘ನನಗ ಸಾಕಾತು’ ಎಂದು ಬಾಯಿಬಿಟ್ಟು ಹೇಳಲಾರದವರು ಗೊತ್ತು ಮಾಡಬೇಕು. ಕೂಸು ಹೇಳಲಾರದು. ಮುದುಕರು ಹೇಳಲು ನಾಚುತ್ತಾರೆ. ನಾಯಿಗೆ ಮಾತೇ ಇಲ್ಲ.

ಮಹಾಭಾರತದ ಕೊನೆಯ ನಡಿಗೆ ನಿಮಗೆ ಗೊತ್ತಿದೆ. ಪಾಂಡವರು, ದ್ರೌಪದಿ ಮತ್ತು ಅವರ ಹಿಂದೆ ಒಂದು ನಾಯಿ ಹಿಮಾಲಯದ ಕಡೆಗೆ ನಡೆದರು. ದಾರಿಯಲ್ಲಿ ಒಬ್ಬೊಬ್ಬರೇ ಬಿದ್ದರು, ಉಳಿದವರು ಮುಂದೆ ನಡೆದರು. ಕೊನೆಗೆ ಇಂದ್ರ ರಥ ತಂದಾಗ, ನಂಬಿ ಬಂದ ನಾಯಿಯನ್ನು ಬಿಟ್ಟು ಏರಲಾರೆ ಎಂದು ಧರ್ಮರಾಯ ಹಟ ಹಿಡಿದ. ಆ ನಡಿಗೆ ಸ್ವರ್ಗಕ್ಕೆ ಹೊರಟದ್ದು. ನಮ್ಮ ನಡಿಗೆ ಸಂಜೆ ಮನೆಗೆ ತಿರುಗಿ ಬರುವುದಕ್ಕೆ. ಆದ್ದರಿಂದ ನಾವು ಧರ್ಮರಾಯನ ಕೊನೆಯ ಹಟವನ್ನು ಮೊದಲ ಹೆಜ್ಜೆಯಿಂದಲೇ ಹಿಡಿಯಬೇಕು. ಯಾರನ್ನೂ ಹಿಂದೆ ಬಿಟ್ಟು ನಡೆಯುವಂತಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಅಕ್ಟೋಬರಿನಲ್ಲಿ ನಮ್ಮ ಮನೆಯವರು ಸವದತ್ತಿಯ ದಕ್ಷಿಣಕ್ಕಿರುವ ಪರಸಗಡ ಕೋಟೆಯ ಗುಡ್ಡ ಹತ್ತಲು ಹೋಗಿದ್ದೆವು. ನಾನು, ಮನೆಯವರು, ನಮ್ಮ ಅವ್ವ, ಆರನೆಯ ಇಯತ್ತೆಯ ಮಗ, ಐದು ವರ್ಷದ ಮಗಳು ಮತ್ತು ಮೋತ್ಯಾ ಎಂಬ ನಮ್ಮ ಊರ ತಳಿಯ ನಾಯಿ. ಸವದತ್ತಿಯವರೆಗೆ ಟಂಟಂನಲ್ಲಿ ಹೋಗಿ ಅಲ್ಲಿಂದ ನಡೆದೆವು. ಮುಂಜಾನೆ ಮೋಡ ಇತ್ತು, ತಂಪು ಗಾಳಿ ಬೀಸುತ್ತಿತ್ತು. ಒಂಬತ್ತರ ಸುಮಾರಿಗೆ ಮೋಡ ಸರಿದು ಬಿಸಿಲು ಒಮ್ಮೆಲೇ ಚುರುಗುಟ್ಟಿತು. ಅಲ್ಲಿಯವರೆಗೆ ಒಂದೇ ಸವನೆ ಮಾತಾಡುತ್ತಿದ್ದ ಮಗಳು ಸುಮ್ಮನಾದಳು. ಮೋತ್ಯಾ ಒಂದು ಕಂಟಿಯ ಕೆಳಗೆ ಹೋಗಿ ಮಲಗಿತು. ಕರೆದರೆ ಬಾಲ ಅಲ್ಲಾಡಿಸಿತು, ಏಳಲಿಲ್ಲ.

ಮಗನ ಕಣ್ಣು ಮೇಲಿನ ಗೋಡೆಯ ಮೇಲಿತ್ತು. “ಅಪ್ಪಾ, ಇನ್ನ ಇಷ್ಟ ಉಳದೈತಿ. ನೀವು ಕುಂಡ್ರ್ರಿ, ನಾ ಒಬ್ಬನ ಓಡಿ ಹೋಗಿ ಬರತೇನಿ” ಎಂದ.

“ಒಬ್ಬನ ಹೋಗೂದು ಬ್ಯಾಡ,” ಎಂದೆ. “ಇಲ್ಲಿಂದ ಎಲ್ಲಾರೂ ಕೂಡೇ ಇಳಿಯೂಣು.”

ಅವನಿಗೆ ಅಳುವೇ ಬಂತು. ಆಗ ನಮ್ಮ ಅವ್ವ ಹೇಳಿದಳು: “ತಮ್ಮಾ, ಕ್ವಾಟಿ ಎಲ್ಲಿ ಓಡಿ ಹೊಕ್ಕೈತಿ? ನಮ್ಮ ಮುತ್ತ್ಯಾನ ಮುತ್ತ್ಯಾ ಇದ್ದಾಗಿಂದ ಅಲ್ಲೇ ಕುಂತೈತಿ. ನಿನ್ನ ತಂಗೀ ಮಾರಿ ನೋಡು, ಹೆಂಗ ಕೆಂಪಗಾಗೈತಿ.”

ನೆರಳಿನಲ್ಲಿ ಅರ್ಧ ತಾಸು ಕುಳಿತೆವು. ಮಗಳಿಗೆ ಗುಟುಕು ಗುಟುಕಾಗಿ ನೀರು ಕುಡಿಸಿದೆವು, ಮುಖ, ಕತ್ತು ಒರೆಸಿದೆವು. ಮೋತ್ಯಾನ ಹೊಟ್ಟೆಗೆ, ಕಾಲಿಗೆ ನೀರು ಹಚ್ಚಿ ಗಾಳಿ ಹಾಕಿದೆವು. ಅದು ತಾನಾಗಿ ಎದ್ದು ನಿಂತ ಮೇಲೆ ಇಳಿದೆವು. ಮಗ ಕೆಳಗೆ ಬರುವತನಕ ಯಾರೊಡನೆಯೂ ಮಾತಾಡಲಿಲ್ಲ. ಡಿಸೆಂಬರಿನಲ್ಲಿ, ಚಳಿ ಬಿದ್ದ ಮೇಲೆ, ನಸುಕಿನಲ್ಲಿಯೇ ಹೊರಟು ಮತ್ತೆ ಹೋದೆವು. ಆ ಸಲ ಮಗನೇ ತಂಗಿಯನ್ನು ಮುಂದೆ ಬಿಟ್ಟು ತಾನು ಅವಳ ಹಿಂದೆ ನಡೆದ. ಎಂಟು ಗಂಟೆಗೆಲ್ಲ ಆರೂ ಜೀವ ಮೇಲಿದ್ದೆವು.

ಇದರಿಂದ ನಾನು ಮಾಡಿಕೊಂಡ ನಿಯಮಗಳು ನಾಲ್ಕು:

ಒಂದು, ಎಲ್ಲರ ಮುಂದೆ ಒಬ್ಬ ದೊಡ್ಡವರು, ಎಲ್ಲರ ಹಿಂದೆ ಒಬ್ಬ ದೊಡ್ಡವರು. ಸಣ್ಣವರು ನಡುವೆ. ಮುಂದಿನವರು ಸಣ್ಣವರ ಹೆಜ್ಜೆಗೆ ಹೆಜ್ಜೆ ಕೂಡಿಸಬೇಕು.

ಎರಡು, ಪ್ರತಿ ಅರ್ಧ ತಾಸಿಗೆ ಒಮ್ಮೆ ನಿಲ್ಲಬೇಕು. ನಿಂತಾಗ ತಲೆ ಎಣಿಸಬೇಕು. ಎಣಿಕೆಯಲ್ಲಿ ನಾಯಿಯೂ ಒಂದು.

ಮೂರು, ಬಾಯಾರಿಕೆ ಆಗಲಿ ಎಂದು ಕಾಯಬಾರದು. ನಿಂತಲ್ಲೆಲ್ಲ ಎಲ್ಲರೂ ಎರಡು ಗುಟುಕು ಕುಡಿಯಬೇಕು.

ನಾಲ್ಕು, ತಿರುಗುವ ಹೊತ್ತನ್ನು ಮನೆಯಲ್ಲಿಯೇ ನಿರ್ಧರಿಸಿ ಹೊರಡಬೇಕು. ಬೇಸಿಗೆಯಲ್ಲಾದರೆ ಒಂಬತ್ತು, ಚಳಿಗಾಲದಲ್ಲಾದರೆ ಹನ್ನೊಂದು. ಆ ಹೊತ್ತಿಗೆ ಎಲ್ಲಿದ್ದರೂ ತಿರುಗಬೇಕು. ಮಾರ್ಚಿಯಿಂದ ಮೇ ತನಕ ನಮ್ಮ ಭಾಗದ ಬೋಳುಗುಡ್ಡಗಳಿಗೆ ಸಣ್ಣ ಕೂಸುಗಳನ್ನೂ ನಾಯಿಯನ್ನೂ ಒಯ್ಯದಿರುವುದೇ ಒಳ್ಳೆಯದು.

4. ಬುತ್ತಿ, ನೀರು, ಚೀಲ

ಅರ್ಧ ದಿನದ ನಡಿಗೆಗೆ ನಾನು ಒಯ್ಯುವ ನೀರಿನ ಲೆಕ್ಕ ಇದು: ದೊಡ್ಡವರಿಗೆ ತಲಾ 2 ಲೀಟರ್, ಮಕ್ಕಳಿಗೆ ತಲಾ 1 ಲೀಟರ್, ನಾಯಿಗೆ ಬೇರೆ 1 ಲೀಟರ್. ನಾಯಿಗೆ ಒಂದು ಹಳೆಯ ತಗಡಿನ ತಾಟು ಇರಲಿ. ನಿಂತ ಹೊಂಡದ ಹಸಿರುಗಟ್ಟಿದ ನೀರನ್ನು ಮನುಷ್ಯರೂ ಕುಡಿಯಬಾರದು, ನಾಯಿಗೂ ಕುಡಿಸಬಾರದು.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಬಾಳೆಹಣ್ಣು, ಬೆಲ್ಲ ಸಾಕು. ನಾಯಿಗೆ ಬರೀ ರೊಟ್ಟಿ, ಅನ್ನ, ಸ್ವಲ್ಪ ಮಜ್ಜಿಗೆ ಹಾಕಿರಿ. ಇಲ್ಲಿ ಒಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಮಣೂಕ, ಚಾಕಲೇಟು ನಮಗೆ ರುಚಿ, ನಾಯಿಗೆ ವಿಷ. ಉಳ್ಳಾಗಡ್ಡಿ ಅದರ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತದೆ. ದ್ರಾಕ್ಷಿ, ಮಣೂಕ ಮೂತ್ರಪಿಂಡವನ್ನು ಕೆಡಿಸಬಲ್ಲವು. ಬೇಯಿಸಿದ ಕೋಳಿಯ ಎಲುಬು ಚೂಪಾಗಿ ಸೀಳಿ ಗಂಟಲಲ್ಲಿ ಸಿಗುತ್ತದೆ. ಹೊಟ್ಟೆ ತುಂಬ ಉಣಿಸಿ ಕೂಡಲೇ ಓಡಿಸಬಾರದು.

ಚೀಲದಲ್ಲಿ ಇರಬೇಕಾದವು: ಕೊಡೆ ಅಥವಾ ಟವೆಲ್ಲು, ಸಾಬೂನಿನ ತುಂಡು, ಶುದ್ಧ ಅರಿವೆ, ಮುಳ್ಳು ಕೀಳುವ ಚಿಮಟ, ಸೀಟಿ, ನಾಯಿಗೆ ಕೊರಳಪಟ್ಟಿ ಮತ್ತು ಗಟ್ಟಿ ಹಗ್ಗ, ಹಾಗೂ ಓ.ಆರ್.ಎಸ್. ಪಾಕೀಟು. ಪಾಕೀಟು ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಪಾಟು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಕದಡಿರಿ. ಅಳತೆ ಹೆಚ್ಚು ಕಡಿಮೆ ಆಗಬಾರದು. ಸೀಟಿ ಮಕ್ಕಳ ಕೊರಳಲ್ಲಿ ಇರಲಿ. ದಾರಿ ತಪ್ಪಿದರೆ ಓಡಾಡದೆ ನಿಂತಲ್ಲೇ ನಿಂತು ಮೂರು ಸಲ ಊದಬೇಕು ಎಂದು ಕಲಿಸಿರಿ.

ಒಂದು ವರ್ಷ ತುಂಬದ ಮರಿಯನ್ನು ದೂರದ ನಡಿಗೆಗೆ ಒಯ್ಯಬೇಡಿರಿ, ಅದರ ಎಲುಬು ಇನ್ನೂ ಬೆಳೆಯುತ್ತಿರುತ್ತವೆ. ಮೈತುಂಬ ದಟ್ಟ ಕೂದಲಿನ, ಚಪ್ಪಟೆ ಮೂಗಿನ ವಿದೇಶಿ ತಳಿಗಳು ನಮ್ಮ ಬಿಸಿಲಿಗೆ ಬೇಗ ದಣಿಯುತ್ತವೆ. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ತೆಳ್ಳಗಿನ ಮೈ, ಉದ್ದ ಕಾಲಿನ ಓಟಗಾರ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಅಂಚೆಚೀಟಿ ಹೊರಡಿಸಿತು. ಆದರೆ ಮುಧೋಳ ನಾಯಿಯಾಗಲಿ, ಊರ ನಾಯಿಯಾಗಲಿ, ನೀರು ಎಲ್ಲದಕ್ಕೂ ಬೇಕು.

ನಾಯಿಗೆ ಬಿಸಿಲು ಬಡಿದ ಗುರುತು: ವಿಪರೀತ ತೇಕುವುದು, ಜೊಲ್ಲು ಸುರಿಸುವುದು, ನಾಲಿಗೆ ಕಡುಗೆಂಪಾಗುವುದು, ವಾಂತಿ, ಓಲಾಡುವುದು. ಮಕ್ಕಳಿಗೆ: ತಲೆನೋವು, ವಾಕರಿಕೆ, ತುಟಿ ಒಣಗುವುದು, ಮಾತು ನಿಲ್ಲುವುದು, ಮಂಕಾಗುವುದು. ಇಬ್ಬರಿಗೂ ಉಪಚಾರ ಒಂದೇ ಬಗೆಯದು. ನೆರಳು, ಮೈಮೇಲೆ ನೀರು, ಗಾಳಿ. ಎಚ್ಚರವಿದ್ದರೆ ಮಾತ್ರ ಗುಟುಕು ಗುಟುಕು ನೀರು. ಆಮೇಲೆ ಕೂಸನ್ನು ದವಾಖಾನೆಗೆ, ನಾಯಿಯನ್ನು ಪಶು ಆಸ್ಪತ್ರೆಗೆ. ಎಳೆದುಕೊಂಡು ನಡೆಸಬಾರದು, ಎತ್ತಿಕೊಂಡು ಹೋಗಬೇಕು. ಬಾಗಿಲು ಮುಚ್ಚಿದ ಗಾಡಿಯಲ್ಲಿ ಕೂಸನ್ನಾಗಲಿ ನಾಯಿಯನ್ನಾಗಲಿ ಐದು ನಿಮಿಷವೂ ಬಿಡಬಾರದು.

5. ಹೋಗಬಹುದಾದ ಮೂರು ಜಾಗ

ಸೊಗಲ: ಬೆಟ್ಟದ ನಡುವೆ ಸೋಮೇಶ್ವರ ಗುಡಿ, ಜಲಪಾತ. ಮಳೆಗಾಲದ ಕೊನೆಗೆ ನೋಡಲು ಬಲು ಚಂದ. ಇಲ್ಲಿ ಕಲ್ಯಾಣ ಚಾಲುಕ್ಯರ ಎರಡನೆಯ ತೈಲಪನ ಕಾಲದ, ಕ್ರಿ.ಶ. 980ರ ಶಾಸನ ದೊರೆತಿದೆ. ಎಂದರೆ ಸಾವಿರ ವರ್ಷಕ್ಕಿಂತ ಹಿಂದಿನಿಂದಲೂ ಇಲ್ಲಿ ಜನ ಬರುತ್ತಿದ್ದಾರೆ. ಎಚ್ಚರ: ನೀರು ಹರಿಯುವ ಹಾಸುಗಲ್ಲು ಪಾಚಿಗಟ್ಟಿ ಜಾರುತ್ತದೆ. ಮೇಲೆ ಎಲ್ಲಿಯೋ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ಒಮ್ಮೆಲೇ ಏರಬಹುದು. ನೀರಿನ ಬಣ್ಣ ಕೆಂಪಾಯಿತು, ಕಸಕಡ್ಡಿ ತೇಲಿ ಬಂತು ಎಂದರೆ ಕೂಡಲೇ ದಂಡೆ ಏರಬೇಕು.

ನವಿಲುತೀರ್ಥ: ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನಮ್ಮ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಡುವೆ ಸವದತ್ತಿಯ ಹತ್ತಿರ ಗುಡ್ಡ ಸೀಳಿಕೊಂಡು ಹೋಗುವ ಜಾಗವೇ ನವಿಲುತೀರ್ಥ. ಅಲ್ಲಿಯೇ ಆಣೆಕಟ್ಟು ಕಟ್ಟಿ ರೇಣುಕಾಸಾಗರ ಆಗಿದೆ. ಹೊಳೆ ಗುಡ್ಡವನ್ನು ಹೇಗೆ ಕೊರೆಯಿತು ಎಂಬ ಭೂಗೋಳದ ಪಾಠ ಕಣ್ಣಿಗೇ ಕಾಣುತ್ತದೆ. ಎಚ್ಚರ: ಹಿನ್ನೀರು ನೋಡಲು ನಿಂತಂತೆ ಕಂಡರೂ ಆಳ, ಕೆಳಗೆ ಕೆಸರು. ಈಜಬಾರದು.

ನೀರಿದ್ದ ಜಾಗದಲ್ಲಿ ನಾಯಿಯ ಹಗ್ಗ ದೊಡ್ಡವರ ಕೈಯಲ್ಲಿ ಇರಲಿ. ನಾಯಿ ನೀರಿಗೆ ಹಾರಿದರೆ ಅದರ ಹಿಂದೆ ಮಕ್ಕಳು ಹಾರುವುದುಂಟು. ಬಹಳಷ್ಟು ನಾಯಿಗಳಿಗೆ ಈಜು ಬರುತ್ತದೆ, ಸಾಮಾನ್ಯವಾಗಿ ಅವು ದಂಡೆ ಸೇರುತ್ತವೆ. ನಿಮಗೆ ಹಾಗಲ್ಲ. ಎಷ್ಟೇ ಪ್ರೀತಿಯ ನಾಯಿಯಾದರೂ ಅದರ ಹಿಂದೆ ನೀರಿಗೆ ಇಳಿಯಬಾರದು. ದಂಡೆಯ ಮೇಲೆ ನಿಂತು ಹೆಸರು ಹಿಡಿದು ಕರೆಯಿರಿ, ದೊಡ್ಡವರನ್ನು ಕೂಗಿರಿ.

ಪರಸಗಡ: ಮೇಲೆ ಹೇಳಿದ ಗುಡ್ಡ. ಸವದತ್ತಿ ತಾಲೂಕಿಗೆ ಬಹಳ ಕಾಲ ಪರಸಗಡ ತಾಲೂಕು ಎಂದೇ ಹೆಸರಿತ್ತು. ಹಳೆಯ ಗೋಡೆಗಳ ಅಂಚಿಗೆ ಹೋಗಬಾರದು, ಕಲ್ಲು ಸಡಿಲ ಇರುತ್ತವೆ. ಗುಡುಗು ಮಿಂಚು ಕಂಡರೆ ತುದಿಯಲ್ಲಿ ನಿಲ್ಲದೆ, ಒಂಟಿ ಗಿಡದ ಕೆಳಗೂ ನಿಲ್ಲದೆ ಕೆಳಗೆ ಇಳಿಯಬೇಕು.

ಶಾಸನದ ಮಾತು ಬಂತು, ಅದಕ್ಕೇ ಇನ್ನೊಂದು ಹೇಳಿಬಿಡುತ್ತೇನೆ. ಸೊಗಲದ ಶಾಸನಕ್ಕಿಂತ ಸುಮಾರು 30 ವರ್ಷ ಮೊದಲು, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ಕಲ್ಲು ನಿಲ್ಲಿಸಿದರು. ಮಣಲೇರ ಎಂಬ ವೀರ ಯುದ್ಧದಲ್ಲಿ ಪರಾಕ್ರಮ ತೋರಿಸಿದ. ರಾಜ ಮೆಚ್ಚಿದಾಗ ಅವನು ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಡಿಸಿದ. ನಾಯಿ, ಹಂದಿ ಹೊಡೆದಾಡುವ ಚಿತ್ರ ಕೆತ್ತಿದ ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಒಂದು ನಾಯಿಯ ಹೆಸರು ಬರೆದಿಟ್ಟರು. ನಾವು ಎಣಿಕೆಯಲ್ಲಾದರೂ ಅದನ್ನು ಹಿಡಿಯಬೇಡವೇ?

6. ದಾರಿಯಲ್ಲಿ ಎದುರಾಗುವವರು

ಕುರಿ ಹಿಂಡು: ಕುರಿಗಾರರ ನಾಯಿಗಳು ಹಿಂಡನ್ನು ಕಾಯುತ್ತವೆ. ಅದು ಅವುಗಳ ಕೆಲಸ. ಹಿಂಡಿನ ನಡುವೆ ಹೋಗಬೇಡಿರಿ. ದೂರದಿಂದಲೇ “ಅಣ್ಣಾರ, ನಾಯಿ ಹಿಡೀರಿ” ಎಂದು ಕೂಗಿ ಸುತ್ತುಹಾಕಿ ಹೋಗಿರಿ. ನಿಮ್ಮ ನಾಯಿಯನ್ನು ಹಗ್ಗಕ್ಕೆ ಕಟ್ಟಿರಿ. ಗೊತ್ತಿಲ್ಲದ ನಾಯಿ ಮೈಮೇಲೆ ಬಂದರೆ ಓಡಬಾರದು. ಓಡಿದರೆ ಅದು ಬೆನ್ನು ಹತ್ತುತ್ತದೆ. ಗಿಡದಂತೆ ನಿಲ್ಲಿರಿ, ಕೈ ಕೆಳಗೆ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿರಿ. ಬಿದ್ದರೆ ಮುದ್ದೆಯಾಗಿ ಮುದುಡಿ ಕತ್ತು, ಕಿವಿ ಮುಚ್ಚಿಕೊಳ್ಳಿರಿ.

ಮಂಗಗಳು: ಗುಡಿಯ ಹತ್ತಿರ ಇರುತ್ತವೆ. ಕೈಯಲ್ಲಿ ತಿಂಡಿ ಹಿಡಿದು ತಿರುಗಬೇಡಿರಿ, ನಾಯಿಯನ್ನು ಅವುಗಳ ಮೇಲೆ ಛೂ ಬಿಡಬೇಡಿರಿ.

ಮೊಲ, ನವಿಲು: ನಾಯಿ ಬಿಟ್ಟು ಮೊಲ ಹಿಡಿಯುವುದನ್ನು ಕೆಲವರು ಆಟ ಎಂದುಕೊಂಡಿದ್ದಾರೆ. ಅದು ಆಟವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ, ನೆಲದ ಮೇಲೆ ಮೊಟ್ಟೆ ಇಡುತ್ತದೆ. ಆದ್ದರಿಂದ ಕುರುಚಲು ಕಾಡಿನಲ್ಲಿ ನಾಯಿ ಹಗ್ಗದಲ್ಲಿಯೇ ಇರಬೇಕು.

ಹಾವು: ಕಲ್ಲಿನ ಸಂದಿಗೆ ಕೈ ಹಾಕಬೇಡಿರಿ. ನಾಯಿ ಒಂದೇ ಕಡೆ ನೋಡಿ ಬೊಗಳುತ್ತಿದ್ದರೆ ಹತ್ತಿರ ಹೋಗದೆ ಹಗ್ಗ ಹಿಂದಕ್ಕೆ ಎಳೆಯಿರಿ. ಹಾವು ಕಡಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಡಿಸಿಕೊಂಡವರನ್ನು ನಡೆಸದೆ, ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಮನೆಗೆ ಬಂದ ಮೇಲೆ ನಾಯಿಯ ಕಿವಿ, ಬೆರಳ ಸಂದಿ, ಹೊಟ್ಟೆ ನೋಡಿರಿ. ಉಣ್ಣಿ ಹತ್ತಿರುತ್ತವೆ, ನೆಗ್ಗಿಲ ಮುಳ್ಳು ಚುಚ್ಚಿರುತ್ತವೆ. ಮಕ್ಕಳ ಕಾಲನ್ನೂ ಹಾಗೆಯೇ ನೋಡಬೇಕು. ತಂದ ಪ್ಲಾಸ್ಟಿಕ್ಕು, ಬಾಟಲಿ ತಿರುಗಿ ಮನೆಗೇ ಬರಬೇಕು.

7. ಹುಚ್ಚುನಾಯಿ ರೋಗ: ಇದನ್ನು ಮನೆಯಲ್ಲಿ ಓದಿ ಹೇಳಿರಿ

ರೇಬೀಸ್ ಒಂದು ವೈರಸ್ಸಿನಿಂದ ಬರುವ ರೋಗ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ಲಕ್ಷಣಕ್ಕಿಂತ ಮೊದಲು ಸರಿಯಾಗಿ ಚಿಕಿತ್ಸೆ ಪಡೆದರೆ ರೋಗವನ್ನು ತಡೆಯಬಹುದು. 1885ರ ಜುಲೈ 6ರಂದು ಫ್ರಾನ್ಸಿನ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಸಲ ಈ ಲಸಿಕೆ ಕೊಡಿಸಿ ಉಳಿಸಿದರು. ಪಾಶ್ಚರ್ ತೀರಿಕೊಂಡ ದಿನವಾದ ಸೆಪ್ಟೆಂಬರ್ 28ನ್ನು ಈಗ ವಿಶ್ವ ರೇಬೀಸ್ ದಿನ ಎಂದು ಆಚರಿಸುತ್ತಾರೆ. ಸಂಶಯಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ನೀವೇ.

ನಾಯಿ ಕಚ್ಚಲಿ, ಪರಚಲಿ, ಗಾಯದ ಮೇಲೆ ನೆಕ್ಕಲಿ, ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರಾ 15 ನಿಮಿಷ ತೊಳೆಯಬೇಕು. ಚೀಲದಲ್ಲಿ ಸಾಬೂನು ಇರಲಿ ಎಂದದ್ದು ಇದಕ್ಕೇ. ಸುಣ್ಣ, ಖಾರದ ಪುಡಿ, ಎಣ್ಣೆ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಕ್ಕಳ ಸುತ್ತ 14 ಇಂಜೆಕ್ಷನ್ ಎಂಬ ಹೆದರಿಕೆ ಬೇಡ, ಆ ಕಾಲ ಹೋಯಿತು. ಈಗ ತೋಳಿಗೆ ಕೆಲವೇ ಸಲ ಹಾಕುತ್ತಾರೆ. ಡಾಕ್ಟರು ಹೇಳಿದ ದಿನಗಳಂದು ಒಂದನ್ನೂ ಬಿಡದೆ ಮುಗಿಸಬೇಕು. ಮುಖ್ಯವಾಗಿ, ಬೈಯುತ್ತಾರೆ ಎಂದು ಹೆದರಿ ಮನೆಯಲ್ಲಿ ಮುಚ್ಚಿಡಬೇಡಿರಿ. ಸಣ್ಣ ಗೀರಾದರೂ ಹೇಳಿರಿ. ಅಪ್ಪ, ಅವ್ವನಿಗೆ ಹೇಳಲು ಅಂಜಿಕೆಯಾದರೆ ನನ್ನ ಮುಂದೆ ಬಂದು ಹೇಳಿರಿ, ನಾನು ನಿಮ್ಮ ಮನೆಗೆ ಬರುತ್ತೇನೆ.

ನಿಮ್ಮ ನಾಯಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸಿರಿ. ಲಸಿಕೆ ಆಗದ ನಾಯಿಯನ್ನು ಮಕ್ಕಳ ಜೊತೆ ತಿರುಗಾಟಕ್ಕೆ ಒಯ್ಯಬಾರದು. ಗುಡ್ಡಕ್ಕೆ ಹೊರಡುವ ಮೊದಲ ಸಿದ್ಧತೆ ಬುತ್ತಿ ಅಲ್ಲ, ಇದು.

ಅಭ್ಯಾಸ

1. ಗಡಿಗೆಯ ನೀರು ತಂಪಾಗುವುದಕ್ಕೂ ನಾಯಿ ನಾಲಿಗೆ ಚಾಚುವುದಕ್ಕೂ ಇರುವ ಹೋಲಿಕೆ ಏನು?

2. ನಾಯಿಗೆ ಹಾಕಬಾರದ ನಾಲ್ಕು ಪದಾರ್ಥಗಳನ್ನು ಬರೆಯಿರಿ.

3. ನಿಮ್ಮ ಮನೆಯಲ್ಲಿ ಎಷ್ಟು ಜನ? ಅರ್ಧ ದಿನದ ನಡಿಗೆಗೆ ಎಷ್ಟು ಲೀಟರ್ ನೀರು ಬೇಕು? ನಾಯಿಯನ್ನು ಸೇರಿಸಿ ಲೆಕ್ಕ ಮಾಡಿರಿ.

4. ನಾಯಿ ಕಚ್ಚಿದಾಗ ಮೊದಲ 15 ನಿಮಿಷ ಏನು ಮಾಡಬೇಕು? ಮನೆಯ ಹಿರಿಯರಿಗೆ ಹೇಳಿ, ಅವರು ಏನೆಂದರು ಎಂಬುದನ್ನು ಬರೆಯಿರಿ.

5. ರಜೆಯಲ್ಲಿ ನಿಮ್ಮ ಮನೆಮಂದಿಯೊಂದಿಗೆ ಎಲ್ಲಿಯಾದರೂ ನಡೆದು ಹೋಗಿ ಬಂದು ಹತ್ತು ಸಾಲು ಬರೆಯಿರಿ. ಎಲ್ಲಿ ತಿರುಗಿದಿರಿ, ಯಾರಿಗಾಗಿ ತಿರುಗಿದಿರಿ ಎಂಬುದು ಅದರಲ್ಲಿ ಇರಬೇಕು.

ಉತ್ತರಗಳನ್ನು ಶಾಲೆ ತೆರೆದ ಮೊದಲ ವಾರದಲ್ಲಿ ಪತ್ರಿಕೆಯ ಪೆಟ್ಟಿಗೆಗೆ ಹಾಕಿರಿ. ಚೆನ್ನಾಗಿ ಬರೆದ ಮೂರನ್ನು ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಗೆ ಹಚ್ಚುತ್ತೇವೆ. ಅಕ್ಷರ ದುಂಡಗಿರಲಿ, ಹೆಸರು, ಇಯತ್ತೆ ಬರೆಯಲು ಮರೆಯಬೇಡಿರಿ.

– ನಿಮ್ಮ ವಿಜ್ಞಾನ ಶಿಕ್ಷಕ